ಸರಸ್ವತಿಪುರಂ ಸ್ಟ್ಯಾಟಿಸ್ಟಿಕ್ಸ್ ಟ್ಯೂಷನ್, ಸೈಕಾಲಜಿ ಎಂಎ ಮಾಡೋರಿಗೆ ರಿವ್ಯೂ

ನಾಲ್ಕು ಸ್ಟಾರ್ ಕೊಡ್ತಿದೀನಿ, ಒಂದ್ ಸ್ಟಾರ್ ಯಾಕ್ ಕಿತ್ಕೊಂಡೆ ಅಂತ ಆಮೇಲೆ ಹೇಳ್ತೀನಿ. ರಿಟೈರ್ಡ್ ಮೇಡಮ್ ಒಬ್ರು ಅವ್ರ ಮನೆ ಮಹಡೀಲಿ ಭಾನುವಾರ ಮಾಡೋ ಕ್ಲಾಸ್ ಇದು, ಬೋರ್ಡು ಗೀರ್ಡು ಏನಿಲ್ಲ, ಗಂಗೋತ್ರಿ (ಮೈಸೂರು ಯೂನಿವರ್ಸಿಟಿ ಕ್ಯಾಂಪಸ್) ಹುಡುಗ್ರು ಒಬ್ರಿಗೊಬ್ರು ಹೇಳ್ಕೊಂಡೇ ಬರ್ತಾರೆ. ಸೈಕಾಲಜಿ ಆರ್ಟ್ಸ್ ಅಲ್ವಾ ಲೆಕ್ಕ ಇರಲ್ಲ ಅಂತ ಸೇರ್ಕೊಂಡು ಟಿ ಟೆಸ್ಟು, ಅನೋವಾ ಅಂತ ಗುಂಪುಗಳ ಸರಾಸರಿ ಹೋಲಿಸೋ ಲೆಕ್ಕ ನೋಡಿ ಕಂಗಾಲಾದೋರೇ ಜಾಸ್ತಿ.

ಮೊದಲ್ನೇ ಕ್ಲಾಸಲ್ಲಿ ಫಾರ್ಮುಲಾನೇ ಇಲ್ಲ. ಎಲ್ರ ಕೈಗೂ ಒಂದ್ರೂಪಾಯಿ ಕಾಯಿನ್ ಕೊಟ್ಟು 10 ಸಲ ಟಾಸ್ ಹಾಕಿಸಿದ್ರು. ಪಕ್ಕದ ಹುಡುಗಿಗೆ 8 ಹೆಡ್ಸ್ ಬಿತ್ತು, "ಮೇಡಮ್ ಈ ಕಾಯಿನ್ನೇ ಸರಿ ಇಲ್ಲ" ಅಂದ್ಲು. "ತಡಿಯಮ್ಮ, ಲೆಕ್ಕ ಹಾಕಿ ಆಮೇಲೆ ಬೈಯಿ" ಅಂತ ಬಿಡಿಸಿ ತೋರ್ಸಿದ್ರು. ನೆಟ್ಟಗಿರೋ ಕಾಯಿನ್ನಲ್ಲೂ ಹೆಡ್ಡೋ ಟೇಲೋ ಯಾವ್ದಾದ್ರೂ ಒಂದು 8 ಅಥವಾ ಅದಕ್ಕಿಂತ ಜಾಸ್ತಿ ಬೀಳೋ ಸಾಧ್ಯತೆ ಸುಮಾರು 11 ಪರ್ಸೆಂಟು, 9 ಅಥವಾ ಜಾಸ್ತಿ ಅಂದ್ರೆ 2 ಪರ್ಸೆಂಟು. ಈ ಸಾಧ್ಯತೆ 0.05, ಅಂದ್ರೆ 5 ಪರ್ಸೆಂಟ್ ಗೆರೆಗಿಂತ ಕೆಳಗಿದ್ರೆ ರಿಸಲ್ಟನ್ನ 'ಸಿಗ್ನಿಫಿಕೆಂಟ್' ಅಂತಾರೆ; 8ಕ್ಕೆ ಆ ಗೆರೆ ದಾಟಲ್ಲ, 9ಕ್ಕೆ ದಾಟುತ್ತೆ. ಕಾಯಿನ್ನಲ್ಲಿ ಏನೂ ಐಬಿಲ್ಲ ಅಂತ ಇಟ್ಕೊಂಡು ಇಂಥ ರಿಸಲ್ಟು ಎಷ್ಟು ಸುಲಭಕ್ಕೆ ಬರುತ್ತೆ ಅಂತ ನೋಡೋದೇ ಪಿ ವ್ಯಾಲ್ಯೂ. ಐಬಿರೋ ಚಾನ್ಸ್ ಎಷ್ಟು ಅಂತ ಅದು ಹೇಳಲ್ಲ, ಪಾಸಾಗಿ ಬಂದೋರಿಗೂ ಇದು ಗೊತ್ತಿರಲ್ಲ ಬಿಡಿ.

ಆ 0.05 ಕೂಡ ದೇವ್ರು ಕೊಟ್ಟಿದ್ದಲ್ಲ, 1925ರ ಪುಸ್ತಕದಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಂಡಿತ ಫಿಶರ್ ಅನುಕೂಲ ಅಂತ ಹಾಕಿದ ಗೆರೆ. ಏನೂ ಇಲ್ದಿರೋ ಡೇಟಾದಲ್ಲಿ ಬೇರೆ ಬೇರೆ 20 ಟೆಸ್ಟ್ ಓಡಿಸಿದ್ರೆ ಒಂದಾದ್ರೂ ಸಿಗ್ನಿಫಿಕೆಂಟ್ ಬರೋ ಸಾಧ್ಯತೆ 64 ಪರ್ಸೆಂಟ್ ಅಂತೆ, ನಾನೇ ಮನೇಲಿ ಲೆಕ್ಕ ಹಾಕಿ ನೋಡ್ದೆ, ಹೌದು. 2015ರಲ್ಲಿ ಸೈಕಾಲಜಿಯ 100 ಸ್ಟಡಿ ಮತ್ತೆ ಮಾಡಿ ನೋಡಿದ್ರಲ್ಲ, ಮೂಲದಲ್ಲಿ 97 ಪರ್ಸೆಂಟ್ ಸಿಗ್ನಿಫಿಕೆಂಟ್ ಇದ್ದಿದ್ದು ಎರಡನೇ ಸಲ 36ಕ್ಕೆ ಇಳೀತು, ಅದನ್ನ ಹೇಳೋವಾಗ ಕ್ಲಾಸ್ ಪೂರ್ತಿ ಗಪ್‌ಚಿಪ್.

ಈಗ ಆ ಒಂದ್ ಸ್ಟಾರು. ಎಸ್‌ಪಿಎಸ್‌ಎಸ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಕಲಿಸೋಕೆ ಇರೋದು ಒಂದೇ ಹಳೇ ಲ್ಯಾಪ್‌ಟಾಪು, ಹಿಂದೆ ಕೂತೋರಿಗೆ ಮುಂದಿನೋರ ತಲೆ ಬಿಟ್ರೆ ಏನೂ ಕಾಣಲ್ಲ. ಎಫೆಕ್ಟ್ ಸೈಜ್ (ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋ ಅಳತೆ) ಪಾಠಾನೂ ಓಡಿಸ್ಬಿಟ್ರು, ಸ್ಯಾಂಪಲ್ ದೊಡ್ಡದಾದ್ರೆ ಚಿಲ್ಲರೆ ವ್ಯತ್ಯಾಸಕ್ಕೂ ಪಿ ಇಳಿಯುತ್ತೆ ಅನ್ನೋದನ್ನ ಇನ್ನೊಂದ್ ಕ್ಲಾಸ್ ಎಳೀಬೇಕಿತ್ತು.

ಡೇಟಾ ಕೊಡಿ ಸಿಗ್ನಿಫಿಕೆಂಟ್ ಮಾಡ್ಕೊಡ್ತೀವಿ ಅನ್ನೋ ಜೆರಾಕ್ಸ್ ಅಂಗಡಿ ಗಿರಾಕಿ ನೀವಾದ್ರೆ ಇಲ್ಲಿಗೆ ಬರ್ಬೇಡಿ, ಮೇಡಮ್ ಬೈತಾರೆ. ಎಕ್ಸಾಮ್ ಹತ್ರ ಬಂದಾಗ ಸೇರಿಸ್ಕೊಳ್ಳಲ್ಲ, ಸೆಮಿಸ್ಟರ್ ಶುರೂಲೇ ಹೋಗಿ ಕೇಳಿ.