ಎರಡು ಭಾಷೆಯ ಶಾಲೆ, ಮೂರು ಭಾಷೆಯ ಮಕ್ಕಳು: ಬರ್ಲಿನ್‌ನಲ್ಲಿ ನಾವು ನೋಡಿದ ಮೂರು ದಾರಿ

ಬೆಂಗಳೂರಿನಿಂದ ಬರ್ಲಿನ್‌ಗೆ ಹೊರಟವರು ಯಾರಾದರೂ ಫೋನ್ ಮಾಡಿದರೆ ಮೊದಲು ಬಾಡಿಗೆ ಮನೆಯ ಮಾತು ಬರುತ್ತದೆ. ಅದು ಮುಗಿದ ತಕ್ಷಣ ಮುಂದಿನ ಪ್ರಶ್ನೆ: "ಮಕ್ಕಳನ್ನ ಯಾವ ಸ್ಕೂಲಿಗೆ ಹಾಕಿದ್ರಿ ಅಕ್ಕಾ?" ನಾವು ಒಂದಲ್ಲ, ಮೂರು ಥರದ ಶಾಲೆ ನೋಡಿದ್ದೇವೆ. ಮಗಳು ಎರಡರಲ್ಲಿ ಓದಿದಳು, ಮಗ ಮೂರನೆಯದರಲ್ಲಿ ಓದುತ್ತಿದ್ದಾನೆ. ಪ್ರತಿ ಸಲ ಫೋನಿನಲ್ಲಿ ಗಂಟೆಗಟ್ಟಲೆ ಹೇಳುವುದನ್ನು ಇಲ್ಲಿ ಒಮ್ಮೆ ಬರೆದಿಡುತ್ತೇನೆ.

ನಾವು ಬಂದಿದ್ದು 2016ರ ಬೇಸಿಗೆಯಲ್ಲಿ. ಮಗಳಿಗೆ ಏಳು ವರ್ಷ, ಮಗನಿಗೆ ಒಂದೂವರೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ನಾನು ಮೊದಲ ಹಂತದ ಜರ್ಮನ್ ಕಲಿತಿದ್ದೆ. ಅಂಗಡಿಯಲ್ಲಿ ಹಾಲು ಬ್ರೆಡ್ ಕೇಳುವಷ್ಟು ಬರುತ್ತಿತ್ತು. ಶಾಲೆಯ ವಿಚಾರ ಮಾತಾಡುವಷ್ಟು ಬರುತ್ತಿರಲಿಲ್ಲ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ. ಮನೆಯಲ್ಲೇ ಪಾಠ ಹೇಳಿಕೊಡುತ್ತೇವೆ ಅನ್ನುವ ಹಾಗಿಲ್ಲ. ಹಾಗಾಗಿ ಮನೆ ಸಾಮಾನು ಬಿಚ್ಚುವ ಮೊದಲೇ ಶಾಲೆ ಹುಡುಕಬೇಕಾಯಿತು.

ಮೊದಲ ದಾರಿ ಇಂಗ್ಲಿಷ್‌ನಲ್ಲಿ ಪಾಠ ಮಾಡುವ ಖಾಸಗಿ ಇಂಟರ್‌ನ್ಯಾಷನಲ್ ಸ್ಕೂಲು. ನಮ್ಮವರ ಕಂಪನಿ ಎರಡು ವರ್ಷದ ಫೀಸು ಕಟ್ಟುತ್ತೇವೆ ಎಂದಿತ್ತು. ವರ್ಷಕ್ಕೆ 16 ಸಾವಿರ ಯೂರೋ. ನಾವೇ ಕೈಯಿಂದ ಕಟ್ಟುವುದಾಗಿದ್ದರೆ ಆ ಗೇಟಿನ ಹತ್ತಿರವೂ ಹೋಗುತ್ತಿರಲಿಲ್ಲ. ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿದ್ದಳು. ಮೊದಲ ದಿನವೇ ಟೀಚರ್ ಹೇಳಿದ್ದೆಲ್ಲ ಅವಳಿಗೆ ಅರ್ಥವಾಯಿತು. ಹೊಸ ದೇಶ, ಹೊಸ ಚಳಿ, ಹೊಸ ಊಟ, ಇಷ್ಟರ ನಡುವೆ ಅದೊಂದಾದರೂ ಸಲೀಸಾಯಿತಲ್ಲ ಎಂದು ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಪಾಠ ಐಬಿ, ಅಂದರೆ ಬೇರೆ ಬೇರೆ ದೇಶಗಳ ಶಾಲೆಗಳಲ್ಲಿ ಒಂದೇ ಥರ ನಡೆಯುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪದ್ಧತಿಯದು. ಮಕ್ಕಳೇ ಪ್ರಶ್ನೆ ಕೇಳಿ, ಹುಡುಕಿ, ಚಾರ್ಟ್ ಮಾಡಿ ಎದ್ದು ನಿಂತು ವಿವರಿಸಬೇಕು. ಮಗಳು ಇವತ್ತಿಗೂ ನಾಲ್ಕು ಜನರ ಮುಂದೆ ಹೆದರದೆ ಮಾತಾಡುತ್ತಾಳೆ. ಆ ಧೈರ್ಯ ಬಂದಿದ್ದು ಅಲ್ಲಿಂದ.

ಆದರೆ ಎರಡು ವರ್ಷ ಕಳೆದರೂ ಅವಳ ಜರ್ಮನ್ ನನ್ನ ಜರ್ಮನ್ನಿಗಿಂತ ಹಿಂದೆ ಇತ್ತು. ವಾರಕ್ಕೆ ನಾಲ್ಕು ಪೀರಿಯಡ್ ಜರ್ಮನ್ ಇದ್ದರೇನು, ಆಟ ಇಂಗ್ಲಿಷ್‌ನಲ್ಲಿ, ಜಗಳ ಇಂಗ್ಲಿಷ್‌ನಲ್ಲಿ, ಬಸ್ಸಿನಲ್ಲಿ ಹರಟೆಯೂ ಇಂಗ್ಲಿಷ್‌ನಲ್ಲೇ. ನಮ್ಮ ಕಟ್ಟಡದ ಹಿಂದಿನ ಅಂಗಳದಲ್ಲಿ ಆರೇಳು ಮಕ್ಕಳು ದಿನಾ ಆಡುತ್ತಿದ್ದರು. ಇವಳು ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದಳು. "ಹೋಗು ಪುಟ್ಟಾ" ಎಂದರೆ "ಅವರು ಹೇಳೋದು ನಂಗೆ ಗೊತ್ತಾಗಲ್ಲಮ್ಮ" ಎನ್ನುತ್ತಿದ್ದಳು. ಇನ್ನೊಂದು ನೋವು ಜೂನ್ ತಿಂಗಳದ್ದು. ಅಲ್ಲಿನ ಮಕ್ಕಳ ಅಪ್ಪ ಅಮ್ಮಂದಿರೂ ನಮ್ಮ ಹಾಗೆ ಕಂಪನಿ, ರಾಯಭಾರ ಕಚೇರಿ ಅಂತ ಬಂದವರು. ಎರಡು ಮೂರು ವರ್ಷಕ್ಕೆ ಬೇರೆ ದೇಶಕ್ಕೆ ಹೋಗಿಬಿಡುತ್ತಾರೆ. ಮೊದಲ ವರ್ಷ ಅವಳ ಜೀವದ ಗೆಳತಿ ಸಿಂಗಪುರಕ್ಕೆ ಹೋದಳು. ಎರಡನೇ ವರ್ಷ ಇನ್ನಿಬ್ಬರು ಹೋದರು. ಎಂಟು ವರ್ಷದ ಮಗು "ನಾನು ಇನ್ನು ಬೆಸ್ಟ್ ಫ್ರೆಂಡ್ ಮಾಡ್ಕೊಳಲ್ಲ" ಎಂದಾಗ ನನಗೆ ಗಂಟಲು ಕಟ್ಟಿತು.

ಕೈಯಿಂದ ಫೀಸು ಕಟ್ಟುವವರಿಗೆ ಒಂದು ಉಪಯೋಗದ ಮಾತು. ಮಾನ್ಯತೆ ಇರುವ ಖಾಸಗಿ ಶಾಲೆಯ ಫೀಸಿನಲ್ಲಿ ಶೇಕಡಾ 30ರಷ್ಟನ್ನು, ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 5,000 ಯೂರೋವರೆಗೆ, ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಊಟದ ದುಡ್ಡು ಇದರಲ್ಲಿ ಸೇರುವುದಿಲ್ಲ. ಶಾಲೆಯಿಂದ ಬರುವ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

2018ರಲ್ಲಿ ನಮ್ಮವರ ಕೆಲಸ ಇಲ್ಲೇ ಖಾಯಂ ಆಯಿತು. ಕಂಪನಿಯ ಫೀಸೂ ನಿಂತಿತು. ಮಗಳನ್ನು ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಸರ್ಕಾರಿ ಗ್ರುಂಡ್‌ಶೂಲೆಗೆ, ಅಂದರೆ ಪ್ರಾಥಮಿಕ ಶಾಲೆಗೆ ಸೇರಿಸಿದೆವು. ಇದು ಎರಡನೇ ದಾರಿ. ಫೀಸಿಲ್ಲ. 2019ರ ಆಗಸ್ಟಿನಿಂದ ಬರ್ಲಿನ್‌ನಲ್ಲಿ ಆರನೇ ಕ್ಲಾಸಿನವರೆಗೆ ಮಧ್ಯಾಹ್ನದ ಊಟವೂ ಉಚಿತ, ಮಕ್ಕಳಿಗೆ ಬಸ್ಸು ರೈಲಿನ ಪಾಸೂ ಉಚಿತ. ಜರ್ಮನ್ ಬಾರದ ಮಕ್ಕಳನ್ನು ಮೊದಲು ವಿಲ್‌ಕಾಮೆನ್ಸ್‌ಕ್ಲಾಸೆ ಎಂಬ ಸ್ವಾಗತ ತರಗತಿಗೆ ಹಾಕುತ್ತಾರೆ. ಚಿಕ್ಕ ಗುಂಪು, ಬೇರೆ ಬೇರೆ ವಯಸ್ಸಿನ ಮಕ್ಕಳು. ಮಗಳ ಪಕ್ಕ ಸಿರಿಯಾದ ಹುಡುಗಿ, ಹಿಂದಿನ ಬೆಂಚಿನಲ್ಲಿ ಬಲ್ಗೇರಿಯಾದ ಅಣ್ಣ ತಂಗಿ. ಯಾರಿಗೂ ಯಾರ ಭಾಷೆಯೂ ಬಾರದು. ಹಾಗಾಗಿ ಎಲ್ಲರಿಗೂ ಸಿಕ್ಕಿದ್ದು ಒಂದೇ ಭಾಷೆ, ಜರ್ಮನ್.

ಮೊದಲ ಮೂರು ತಿಂಗಳು ನಿಜಕ್ಕೂ ಕಷ್ಟವಾಯಿತು. ಭಾಷೆಯ ಕಷ್ಟ ಗೊತ್ತಿದ್ದದ್ದೇ. ಲೆಕ್ಕದಲ್ಲಿ ಮುಗ್ಗರಿಸುತ್ತಾಳೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ಒಂದು ದಿನ ಅವಳ ಲೆಕ್ಕದ ಪುಸ್ತಕ ತೆಗೆದರೆ ಪುಟದ ತುಂಬ ಕೆಂಪು. ಕೂಡಿದ್ದೆಲ್ಲ ಸರಿಯಾಗಿಯೇ ಇದೆ, ಆದರೆ ಉತ್ತರ ತಪ್ಪು. ಅಡುಗೆಮನೆ ಮೇಜಿನ ಮೇಲೆ ಇಟ್ಟುಕೊಂಡು ಒಂದೊಂದೇ ಸಾಲು ನೋಡಿದ ಮೇಲೆ ಗೊತ್ತಾಯಿತು. ನಾವು 1 ಅನ್ನು ಒಂದು ನೇರ ಗೆರೆಯಾಗಿ ಬರೆಯುತ್ತೇವೆ. ಇಲ್ಲಿಯವರು ಅದರ ತಲೆಗೆ ಎಡಗಡೆಯಿಂದ ಉದ್ದನೆಯ ಓರೆ ಗೆರೆ ಎಳೆಯುತ್ತಾರೆ. ನೋಡಲು ಥೇಟ್ ನಮ್ಮ 7. ಇವರ 7ಕ್ಕೆ ಹೊಟ್ಟೆಯ ಮೇಲೆ ಅಡ್ಡ ಗೆರೆ ಇರುತ್ತದೆ. ಬೋರ್ಡಿನ ಮೇಲಿದ್ದ 151 ಅನ್ನು ಮಗಳು 757 ಎಂದು ಬರೆದುಕೊಂಡು, ಅದನ್ನೇ ಅಚ್ಚುಕಟ್ಟಾಗಿ ಕೂಡಿದ್ದಳು.

ಸಂಖ್ಯೆ ಹೇಳುವ ಕ್ರಮವೂ ತಿರುಗುಮುರುಗು. ನಾವು ನಲವತ್ತೇಳು ಎಂದರೆ ಇವರು ಏಳು ಮತ್ತು ನಲವತ್ತು ಎನ್ನುತ್ತಾರೆ. ಟೀಚರ್ ಬಾಯಲ್ಲಿ ಹೇಳಿ ಬರೆಸಿದರೆ ಮಗಳು 74 ಬರೆಯುತ್ತಿದ್ದಳು. ಭಾಗಾಕಾರಕ್ಕೆ ಎರಡು ಚುಕ್ಕೆ, ಗುಣಾಕಾರಕ್ಕೆ ಒಂದು ಚುಕ್ಕೆ, ಮೂರೂವರೆ ಯೂರೋ ಬರೆಯಲು ಚುಕ್ಕೆಯ ಬದಲು ಅಲ್ಪವಿರಾಮ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಎರಡು ವಾರದಲ್ಲಿ ಕೆಂಪು ಕಡಿಮೆಯಾಯಿತು. ಹೊಸದಾಗಿ ಬರುವ ಎಲ್ಲರಿಗೂ ನಾನು ಮೊದಲು ಕಳಿಸುವುದು ಆ ಹಾಳೆಯ ಫೋಟೋ.

ಹತ್ತು ತಿಂಗಳಾಗುವ ಹೊತ್ತಿಗೆ ಅವಳು ಅಂಗಳಕ್ಕೆ ಇಳಿದಿದ್ದಳು. ಕೆಳಗಿನಿಂದ ಅವಳ ಗಲಾಟೆ ಕೇಳಿಸುವಾಗ ನಾನು ಸುಮ್ನೆ ಕಿಟಕಿ ತೆರೆದಿಟ್ಟು ನಿಲ್ಲುತ್ತಿದ್ದೆ. ಮುಂದಿನ ವರ್ಷ ಮಾಮೂಲಿ ನಾಲ್ಕನೇ ಕ್ಲಾಸಿಗೆ ಹೋದಳು. ವಯಸ್ಸಿಗೆ ಒಂದು ವರ್ಷ ಹಿಂದೆ ಬಿದ್ದಳು, ನಿಜ. ಊರಿನಲ್ಲಿ ಇದನ್ನು ಕೇಳಿ ಬೇಜಾರು ಮಾಡಿಕೊಂಡವರೇ ಜಾಸ್ತಿ. ನನಗೆ ಆ ಒಂದು ವರ್ಷ ನಷ್ಟ ಅನ್ನಿಸಲೇ ಇಲ್ಲ. ಅಂಕದ ವಿಚಾರಕ್ಕೂ ಹಾಸನದ ಅಜ್ಜಿಗೆ ಸಮಾಧಾನ ಹೇಳಬೇಕಾಯಿತು. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಫೇಲು. ಮೊಮ್ಮಗಳಿಗೆ ಚಿತ್ರಕಲೆಯಲ್ಲಿ 1 ಬಂತು ಎಂದರೆ ಅವರು "ಹೋಗ್ಲಿ ಬಿಡು, ಮುಂದಿನ ಸಲ ಜಾಸ್ತಿ ತೆಗೀತಾಳೆ" ಎಂದು ಅವಳಿಗೇ ಧೈರ್ಯ ಹೇಳಿದರು.

ಈ ಶಾಲೆಯಲ್ಲಿ ನನಗೆ ಸಿಟ್ಟು ಬಂದಿದ್ದು ಒಂದೇ ಸಲ. ಪೋಷಕರ ಭೇಟಿಯ ದಿನ ಒಬ್ಬರು ಟೀಚರ್, "ಮನೆಯಲ್ಲೂ ಜರ್ಮನ್ನೇ ಮಾತಾಡಿ, ಮಗುವಿಗೆ ಬೇಗ ಬರುತ್ತದೆ" ಎಂದರು. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ನನ್ನ ಒಡಕು ಜರ್ಮನ್ ಕೇಳಿ ಮಗು ಏನು ಕಲಿಯಬೇಕು? ಜ್ವರ ಬಂದಾಗ ಅವಳ ತಲೆ ಸವರುತ್ತ ನಾನು ಯಾವ ಭಾಷೆಯಲ್ಲಿ ಮಾತಾಡಲಿ? "ಮನೆಯಲ್ಲಿ ನಾವು ಕನ್ನಡವನ್ನೇ ಆಡುತ್ತೇವೆ" ಎಂದು ಗೊತ್ತಿದ್ದಷ್ಟು ಜರ್ಮನ್ನಿನಲ್ಲಿ ಹೇಳಿ ಬಂದೆ. ಇಂಥ ಸಲಹೆ ನಿಮಗೂ ಬರಬಹುದು. ದಯವಿಟ್ಟು ಒಪ್ಪಬೇಡಿ.

ಮೂರನೇ ದಾರಿ ಮಗನದು. ಅವನು ಎರಡು ವರ್ಷದಿಂದಲೇ ಕಿಟಾಗೆ, ಅಂದರೆ ಶಿಶುವಿಹಾರಕ್ಕೆ ಹೋದವನು. 2018ರ ಆಗಸ್ಟಿನಿಂದ ಬರ್ಲಿನ್‌ನಲ್ಲಿ ಕಿಟಾಗೆ ಫೀಸಿಲ್ಲ, ಊಟಕ್ಕೆ ಮಾತ್ರ ತಿಂಗಳಿಗೆ 23 ಯೂರೋ. ಶಾಲೆಗೆ ಹೋಗುವ ವಯಸ್ಸು ಬರುವಷ್ಟರಲ್ಲಿ ಅವನಿಗೆ ಜರ್ಮನ್ ನೀರು ಕುಡಿದ ಹಾಗಾಗಿತ್ತು. ಅವನಿಗೆ ನಾವು ಹುಡುಕಿದ್ದು ಸರ್ಕಾರದ್ದೇ ಎರಡು ಭಾಷೆಯ ಶಾಲೆ. ಬರ್ಲಿನ್‌ನಲ್ಲಿ 1992ರಿಂದ ಯುರೋಪಾ ಶೂಲೆ ಎಂಬ ವ್ಯವಸ್ಥೆ ಇದೆ. ಒಂದೊಂದು ಶಾಲೆಯಲ್ಲಿ ಜರ್ಮನ್ ಜೊತೆ ಇನ್ನೊಂದು ಭಾಷೆ. ಹೀಗೆ ಇಂಗ್ಲಿಷ್, ಫ್ರೆಂಚ್, ಗ್ರೀಕ್, ಟರ್ಕಿಷ್, ಪೋಲಿಷ್ ಎಲ್ಲ ಸೇರಿ ಒಂಬತ್ತು ಜೋಡಿಗಳಿವೆ. ಕ್ಲಾಸಿನಲ್ಲಿ ಅರ್ಧ ಮಕ್ಕಳು ಜರ್ಮನ್ ಮನೆಮಾತಿನವರು, ಅರ್ಧ ಮಕ್ಕಳು ಜೋಡಿ ಭಾಷೆಯವರು ಇರಬೇಕು ಎಂಬುದು ಲೆಕ್ಕ. ಓದು ಬರಹವನ್ನು ಮೊದಲು ತಮ್ಮ ಭಾಷೆಯಲ್ಲಿ ಕಲಿತು, ಆಮೇಲೆ ಇನ್ನೊಂದಕ್ಕೆ ಬರುತ್ತಾರೆ. ಗಣಿತ ಜರ್ಮನ್ನಿನಲ್ಲಿ, ಪರಿಸರ ವಿಜ್ಞಾನದಂಥವು ಜೋಡಿ ಭಾಷೆಯಲ್ಲಿ. ಫೀಸಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಹಾಗಾಗಿಯೇ ಸೀಟಿಗೆ ನೂಕುನುಗ್ಗಲು.

ಅರ್ಜಿ ತುಂಬಲು ಕೂತಾಗ ಪೆನ್ನು ನಿಂತುಬಿಟ್ಟಿತು. ಮಗುವಿನ ಭಾಷೆ ಜರ್ಮನ್ನೋ ಇಂಗ್ಲಿಷೋ ಎಂದು ಕೇಳಿದ್ದರು. ಎರಡೂ ಅಲ್ಲ. ಇವನು ಮೊದಲು ಆಡಿದ ಮಾತು "ಅಮ್ಮ", ಎರಡನೆಯದು "ತಾತಾ ಬಾ". ನಮ್ಮ ಮಕ್ಕಳ ವಿಚಾರ ಇರುವುದೇ ಇಲ್ಲಿ. ಇಂಗ್ಲಿಷ್ ನಮಗೆ ಚೆನ್ನಾಗಿ ಬರುತ್ತದೆ, ಹಾಗಾಗಿ ಇಂಗ್ಲಿಷ್ ಗುಂಪಿಗೆ ಹಾಕಿದರೆ ಆಯಿತು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲಿ ಭಾಷೆಯ ಪರೀಕ್ಷೆ ಇರುತ್ತದೆ. ಹುಟ್ಟಿದಾಗಿನಿಂದ ಮನೆಯಲ್ಲಿ ಅದನ್ನೇ ಆಡಿದ ಮಗುವಿನ ಮಟ್ಟದಲ್ಲಿ ಮಾತಾಡಬೇಕು. ಕನ್ನಡದ ಮನೆಯ ಐದು ವರ್ಷದ ಮಗುವಿಗೆ ಅಷ್ಟು ಇಂಗ್ಲಿಷ್ ಎಲ್ಲಿಂದ ಬರಬೇಕು? ನಮ್ಮ ಮಗ ಕಿಟಾದ ಪುಣ್ಯದಿಂದ ಜರ್ಮನ್ ಗುಂಪಿನಲ್ಲಿ ಪಾಸಾದ. 2021ರ ಆಗಸ್ಟಿನಲ್ಲಿ, ತನ್ನಷ್ಟೇ ಎತ್ತರ ಕಾಣುತ್ತಿದ್ದ ಶೂಲ್‌ಟ್ಯೂಟೆಯನ್ನು ತಬ್ಬಿಕೊಂಡು ಒಂದನೇ ಕ್ಲಾಸಿಗೆ ಹೋದ. ಇಲ್ಲಿ ಶಾಲೆ ಸೇರುವ ದಿನ ಮಕ್ಕಳಿಗೆ ಬಣ್ಣದ ಕಾಗದದ ದೊಡ್ಡ ಶಂಕುವಿನ ತುಂಬ ಮಿಠಾಯಿ, ಪೆನ್ಸಿಲ್ಲು, ಆಟದ ಸಾಮಾನು ತುಂಬಿ ಕೊಡುವ ಪದ್ಧತಿ ಇದೆ. ನಾನು ಅದರೊಳಗೆ ಅಜ್ಜಿ ಕಳಿಸಿದ ಕೊಬ್ಬರಿ ಮಿಠಾಯಿಯನ್ನೂ ಇಟ್ಟಿದ್ದೆ.

ಈಗ ಐದನೇ ಕ್ಲಾಸು. ಕಪ್ಪೆಯ ಜೀವನಚಕ್ರ ಹೇಳು ಎಂದರೆ ಇಂಗ್ಲಿಷ್‌ನಲ್ಲಿ ಹೇಳುತ್ತಾನೆ. ಮಗ್ಗಿ ಕೇಳಿದರೆ ಜರ್ಮನ್. ಅಕ್ಕನ ಜೊತೆ ಜಗಳ ಜರ್ಮನ್. ತಟ್ಟೆಗೆ ಬಿದ್ದ ದೋಸೆಯನ್ನು "ಐನ್ಸ್, ತ್ಸ್ವೈ, ದ್ರೈ" ಎಂದು ಎಣಿಸಿ, "ಅಮ್ಮ, ಇನ್ನೊಂದು ಹಾಕು" ಎನ್ನುತ್ತಾನೆ. ಅಕ್ಕ ಪಟ್ಟ ಪಾಡು ಇವನಿಗೆ ಬರಲಿಲ್ಲ. ಆದರೆ ಇಲ್ಲೂ ಕೊರತೆ ಇದೆ. ಶಾಲೆ ಮನೆಯಿಂದ 40 ನಿಮಿಷ. ಗೆಳೆಯರೆಲ್ಲ ಊರಿನ ನಾಲ್ಕು ಮೂಲೆಯಲ್ಲಿದ್ದಾರೆ. ಮಗಳಿಗೆ ಅಂಗಳದಲ್ಲಿ ಸಿಕ್ಕಿದ್ದು ಇವನಿಗೆ ಅಷ್ಟು ಸಿಕ್ಕಿಲ್ಲ. ಆಡಲು ಕರೆದುಕೊಂಡು ಹೋಗಬೇಕೆಂದರೆ ಎರಡು ರೈಲು ಬದಲಿಸಬೇಕು. ಇಂಗ್ಲಿಷ್ ಬರವಣಿಗೆಯೂ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಮಗಳು ಬರೆಯುತ್ತಿದ್ದಷ್ಟು ಗಟ್ಟಿಯಿಲ್ಲ. ಅವಳು ದಿನವಿಡೀ ಅದರಲ್ಲೇ ಇದ್ದಳು, ಇವನು ಅರ್ಧ ದಿನ. ಎರಡೂ ಒಂದೇ ಆಗಲಿ ಎಂದರೆ ಹೇಗೆ?

ಹಾಗಾದರೆ ಯಾವುದು ಒಳ್ಳೆಯದು? ಕೇಳಿದವರಿಗೆ ನಾನು ತಿರುಗಿ ಕೇಳುವುದು: ಎಷ್ಟು ವರ್ಷ ಇರುತ್ತೀರಿ? ಮಗುವಿಗೆ ಈಗ ಎಷ್ಟು ವಯಸ್ಸು?

ಎರಡು ಮೂರು ವರ್ಷಕ್ಕೆ ಬೆಂಗಳೂರಿಗೆ ವಾಪಸ್ ಹೋಗುವುದು ಖಚಿತವಾಗಿದ್ದು, ಕಂಪನಿ ಫೀಸು ಕಟ್ಟುತ್ತಿದ್ದರೆ ಇಂಟರ್‌ನ್ಯಾಷನಲ್ ಸ್ಕೂಲೇ ಸರಿ. ಬೆಂಗಳೂರಿನಲ್ಲೂ ಐಬಿ ಶಾಲೆಗಳಿವೆ, ಮಗು ಎಡವದೆ ಮುಂದುವರಿಯುತ್ತದೆ. ಐದು ವರ್ಷಕ್ಕಿಂತ ಜಾಸ್ತಿ ಇರುತ್ತೀರಿ, ಮಗುವಿಗೆ ಏಳರಿಂದ ಹತ್ತು ವರ್ಷ ಎಂದರೆ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹಾಕಿ. ಹೆದರಬೇಡಿ. ನಾವು ಮಗಳನ್ನು 2016ರಲ್ಲೇ ಅಲ್ಲಿಗೆ ಹಾಕಬೇಕಿತ್ತು. ಬಾಲ್ಕನಿಯಲ್ಲಿ ನಿಂತು ಕಳೆದ ಆ ಎರಡು ವರ್ಷ ಅವಳಿಗೆ ಉಳಿಯುತ್ತಿತ್ತು. ಇನ್ನೂ ಕಿಟಾ ವಯಸ್ಸಿನ ಮಗು ಇದ್ದರೆ ಮೊದಲು ಜರ್ಮನ್ ಕಿಟಾ, ಆಮೇಲೆ ಎರಡು ಭಾಷೆಯ ಸರ್ಕಾರಿ ಶಾಲೆ. ಸಿಗದಿದ್ದರೆ ಪಕ್ಕದ ಶಾಲೆ ಇದ್ದೇ ಇದೆ. ಹೇಗೂ ನಿಮ್ಮ ಬೀದಿಗೆ ಗೊತ್ತುಮಾಡಿದ ಶಾಲೆಯಲ್ಲಿ ಮೊದಲು ಹೆಸರು ಬರೆಸಬೇಕು. ಬೇರೆ ಶಾಲೆ ಬೇಕೆಂಬ ಕೋರಿಕೆಯನ್ನೂ ಅಲ್ಲೇ ಕೊಡಬೇಕು. ಸೇರುವ ಹಿಂದಿನ ವರ್ಷದ ಶರತ್ಕಾಲದಲ್ಲೇ ಈ ಕೆಲಸ ಮುಗಿಯಬೇಕು, ಮರೆಯಬೇಡಿ.

ಬರ್ಲಿನ್ ಬಿಟ್ಟು ಬೇರೆ ಊರಿಗೆ ಹೋಗುವವರು ಒಂದು ವಿಷಯ ನೋಡಿಕೊಳ್ಳಿ. ಇಲ್ಲಿ ಮತ್ತು ಬ್ರಾಂಡನ್‌ಬುರ್ಗ್‌ನಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ. ಉಳಿದ ರಾಜ್ಯಗಳಲ್ಲಿ ನಾಲ್ಕೇ ವರ್ಷ. ಮ್ಯೂನಿಕ್ಕಿಗೋ ಸ್ಟುಟ್‌ಗಾರ್ಟ್‌ಗೋ ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಬಂದರೆ, ಭಾಷೆ ಕೂಡಿ ಬರುವ ಮೊದಲೇ ಮುಂದೆ ಯಾವ ಬಗೆಯ ಶಾಲೆ ಎಂಬ ತೀರ್ಮಾನ ತಲೆಯ ಮೇಲೆ ಬರುತ್ತದೆ. ನಮ್ಮ ಮಗಳಿಗೆ ಆ ಹೆಚ್ಚಿನ ಎರಡು ವರ್ಷ ಸಿಕ್ಕಿದ್ದರಿಂದಲೇ ಉಸಿರಾಡಲು ಆಯಿತು.

ಇನ್ನು ಕನ್ನಡ. ಮೂರು ಶಾಲೆಯಲ್ಲಿ ಯಾವುದೂ ಅದನ್ನು ಕಲಿಸುವುದಿಲ್ಲ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು, ಅದೇ ಅಡುಗೆಮನೆ ಮೇಜು, ಎರಡು ಗೆರೆ ಪುಸ್ತಕ. ಮಗಳು ಈಗ ಅಜ್ಜಿಗೆ ಪೂರ್ತಿ ಪುಟದ ಕಾಗದ ಬರೆಯುತ್ತಾಳೆ. ಮಗ ಒತ್ತಕ್ಷರದಲ್ಲಿದ್ದಾನೆ. ಹೋದ ವಾರ "ಅಜ್ಜಿ" ಎಂದು ಬರೆಯುವಾಗ ಒತ್ತನ್ನು ಜಿ ಪಕ್ಕದಲ್ಲಿ ಇಟ್ಟಿದ್ದ. ಕೆಳಗೆ ಬರಬೇಕು ಕಣೋ ಎಂದೆ. ರಬ್ಬರಿನಿಂದ ಉಜ್ಜಿ, ನಾಲಿಗೆ ಕಚ್ಚಿಕೊಂಡು, ಕೆಳಗೆ ಇಟ್ಟ. ಫೋಟೋ ತೆಗೆದು ಹಾಸನಕ್ಕೆ ಕಳಿಸಿದೆವು.