ಹೇನಿಗೆ ಯಾವುದು ವಾಸಿ: ಲೋಷನ್ನೋ, ಬೇವಿನೆಣ್ಣೆಯೋ, ಬಾಚಣಿಗೆಯೋ?

ಮಲೆನಾಡಿನಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ನಮ್ಮನೆಗೆ ಹೇನು ಬರುವುದೂ ಆಗಲೇ. ತೀರ್ಥಹಳ್ಳಿ ಕಡೆಯ ಮನೆ, ಎರಡು ಜಡೆ ಹಾಕುವ ಹುಡುಗಿಯರು ಇಬ್ಬರು, ಜೊತೆಗೆ ನಾನು, ನಮ್ಮತ್ತೆ. ಒಬ್ಬರಿಗೆ ಹತ್ತಿದರೆ ಎಲ್ಲರಿಗೂ ಹತ್ತಿತು ಅಂತಲೇ ಲೆಕ್ಕ. ಹಾಗಾಗಿ ಮೂರನ್ನೂ ಮಾಡಿ ನೋಡಿದ್ದೇನೆ.

ಮೊದಲು ಹೇನಿನ ಸಂಸಾರದ ವಿಷಯ. ಯಾವುದಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಅನ್ನುವುದೆಲ್ಲ ಅದರಲ್ಲೇ ಇದೆ. ಬೆಳೆದ ಹೇನು ಎಳ್ಳುಕಾಳಿನಷ್ಟಿರುತ್ತದೆ. ಹೆಣ್ಣು ದಿನಕ್ಕೆ 6ರಿಂದ 10 ಮೊಟ್ಟೆ ಇಡುತ್ತದೆ. ಅದೇ ಸೀರು. ಕೂದಲ ಬುಡಕ್ಕೆ ಗಟ್ಟಿಯಾಗಿ ಅಂಟಿಸಿಬಿಡುತ್ತದೆ, ನೀರು ಹೊಯ್ದರೆ ಹೋಗುವುದಿಲ್ಲ. ಸೀರು ಒಡೆಯಲು 7ರಿಂದ 10 ದಿನ. ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಇನ್ನೊಂದು 9ರಿಂದ 12 ದಿನ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ನಡೆದುಕೊಂಡೇ ದಾಟುತ್ತದೆ. ಕೆಳಗೆ ಬಿದ್ದರೆ ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹಾಗಾಗಿ ಮನೆಯೆಲ್ಲ ಔಷಧಿ ಹೊಡೆಯುವುದು ದಂಡ. ದಿಂಬಿನ ಚೀಲ, ಟವೆಲ್ ಹಂಡೆಯ ಬಿಸಿನೀರಿಗೆ ಹಾಕಿದರೆ ಸಾಕು.

ಲೋಷನ್‌ನಿಂದ ಶುರು ಮಾಡೋಣ. ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 1ರ ಪರ್ಮೆಥ್ರಿನ್. ಹೇನಿನ ನರಕ್ಕೇ ಹೊಡೆಯುವ ಔಷಧಿ. ಕಂಡಿಷನರ್ ಇಲ್ಲದ ಶಾಂಪೂವಿನಲ್ಲಿ ಎಣ್ಣೆ ಜಿಡ್ಡು ಬಿಡುವ ಹಾಗೆ ತಲೆ ತೊಳೆದು, ಟವೆಲ್ಲಿನಲ್ಲಿ ಒರೆಸಿ, ಹಚ್ಚಿ 10 ನಿಮಿಷ ಬಿಟ್ಟು ತೊಳೆಯುವುದು. ಸುಲಭ, ಮಕ್ಕಳೂ ಕೂಗಾಡುವುದಿಲ್ಲ. ಓಡಾಡುವ ಹೇನಿಗೆ ನಮ್ಮಲ್ಲಿ ಚೆನ್ನಾಗಿಯೇ ತಾಗಿತು. ಆದರೆ ಸೀರಿಗೆ ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಸುಮಾರು 9ನೇ ದಿನಕ್ಕೆ ಎರಡನೇ ಸಲ ಹಚ್ಚಬೇಕು, ಹೊಸ ಮರಿ ಮೊಟ್ಟೆ ಇಡುವ ಮೊದಲೇ. ಈ ಎರಡನೇ ಸಲವನ್ನು ಬಿಟ್ಟವರೇ ಜಾಸ್ತಿ ಜನ 'ಔಷಧಿ ಸುಳ್ಳು' ಅನ್ನುವುದು. ಪರ್ಮೆಥ್ರಿನ್‌ಗೆ ಬಗ್ಗದ ಹೇನುಗಳೂ ಹಲವು ದೇಶಗಳಲ್ಲಿ ಹುಟ್ಟಿಕೊಂಡಿವೆ ಅನ್ನುವುದು ನಿಜ. ಬಸುರಿಯರು, ಹಸುಗೂಸುಗಳಿಗೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ಬೇವಿನೆಣ್ಣೆ ನಮ್ಮತ್ತೆಯ ಪಕ್ಷ. ರಾತ್ರಿ ಹಚ್ಚಿ ಬಟ್ಟೆ ಕಟ್ಟಿ ಮಲಗಿದರೆ ಬೆಳಿಗ್ಗೆ ಹೇನೆಲ್ಲ ಮಂಕಾಗಿರುತ್ತವೆ. ಸತ್ತಿರುವುದು ಕಡಿಮೆ. ಹೇನು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಇರಬಲ್ಲ ಜಾತಿ, ಎಣ್ಣೆಯಲ್ಲಿ ಮುಳುಗಿದರೂ ಸುಲಭಕ್ಕೆ ಸಾಯದು. ವಾಸನೆ ಬೇರೆ. ಸಣ್ಣವಳು ಆ ತಲೆಯಲ್ಲಿ ಶಾಲೆಗೆ ಹೋಗಲಾರೆ ಅಂತ ಹಟ ಹಿಡಿದಾಗ ಅತ್ತೆಯೇ ಸೋತು, "ಆಯ್ತು ಮಾರಾಯ್ತಿ, ಅಂಟುವಾಳ ಹಾಕಿ ಮೀಯಿಸು" ಅಂದರು. ನನ್ನ ಪ್ರಕಾರ ಎಣ್ಣೆಯ ಉಪಯೋಗ ಒಂದೇ: ಬಾಚಣಿಗೆ ಸಲೀಸಾಗಿ ಓಡುತ್ತದೆ. ಅದಕ್ಕೆ ಕೊಬ್ಬರಿ ಎಣ್ಣೆಯೇ ಸಾಕಲ್ವಾ?

ಇನ್ನು ಬಾಚಣಿಗೆ. ನನ್ನ ಓಟು ಇದಕ್ಕೇ. ಪ್ಲಾಸ್ಟಿಕ್ಕಿನದು ಬೇಡ, ಹಲ್ಲು ಅಗಲವಾಗಿ ಸೀರು ನಡುವೆ ನುಸುಳಿಬಿಡುತ್ತದೆ. ಉದ್ದ ಹಲ್ಲಿನ ಸ್ಟೀಲಿನದು ತನ್ನಿ. ಒಣಗಿದ ಕೂದಲಲ್ಲಿ ಬಾಚಿದರೆ ಹೇನು ಓಡುತ್ತದೆ. ಒದ್ದೆ ಮಾಡಿದರೆ ಇದ್ದಲ್ಲೇ ನಿಲ್ಲುತ್ತದೆ. ಕಂಡಿಷನರ್ ಹಚ್ಚಬಹುದು, ನಾನು ದಾಸವಾಳ ಸೊಪ್ಪಿನ ಗೊಂಪು ಹಚ್ಚುತ್ತೇನೆ. ಲೋಳೆ ಲೋಳೆಯಾಗಿ ಸಿಕ್ಕು ಬಿಡುತ್ತದೆ. ಜಗಲಿಯ ಬೆಳಕಿಗೆ ಕೂರಿಸಿ, ಕೂದಲನ್ನು ಭಾಗ ಮಾಡಿ, ಹಲ್ಲು ನೆತ್ತಿಗೆ ತಾಗುವ ಹಾಗೆ ಬುಡದಿಂದ ತುದಿಯವರೆಗೆ ಎಳೆಯಬೇಕು. ಪ್ರತಿ ಎಳೆತಕ್ಕೂ ಬಿಳಿ ಪಂಚೆಯ ತುಂಡಿಗೆ ಒರೆಸಬೇಕು. ಹಸಿರು ಲೋಳೆಯ ನಡುವೆ ಕಂದು ಹೇನು ಕಾಲಾಡಿಸುವುದು ಕಾಣುತ್ತದೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಜಾಸ್ತಿ ಸಿಗುತ್ತವೆ. ಮೂರ್ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ ಬಿಡದೆ ಮಾಡಬೇಕು. ಬೇಜಾರಿನ ಕೆಲಸ, ಸೊಂಟ ಹಿಡಿಯುತ್ತದೆ. ಆದರೆ ಸೀರು ಒಡೆದು ಬಂದ ಮರಿಗಳನ್ನೂ ಬಿಡದೆ ಹಿಡಿದದ್ದು ಇದೊಂದೇ.

ಸೀಮೆಎಣ್ಣೆ, ಸೀತಾಫಲದ ಬೀಜದ ಪುಡಿ ಎರಡನ್ನೂ ನಾನು ಮುಟ್ಟಿಲ್ಲ, ನೀವೂ ಮುಟ್ಟಬೇಡಿ. ಒಲೆಯ ಕಿಡಿ ತಾಗಿದರೆ ಸೀಮೆಎಣ್ಣೆಯ ತಲೆ ಹೊತ್ತಿಕೊಳ್ಳುತ್ತದೆ. ಆ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರವೇ ಸುಲಿದುಹೋಗಬಹುದು. ಮಂಗನ ಕಾಯಿಲೆಗೆ ಅಂತ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಆಗುತ್ತಾ ಅಂತ ಪಕ್ಕದ ಮನೆಯವರು ಕೇಳಿದ್ದರು. ಅದು ಕಾಡಿಗೆ ಹೋಗುವಾಗ ಆ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತದ ಹಾಗೆ ಕೈಕಾಲಿಗೆ ಹಚ್ಚುವುದು, ತಲೆಗಲ್ಲ. ಉಣುಗಿನ ಹಾಗೆ ತಲೆಯ ಹೇನು ಕಾಯಿಲೆ ಹರಡುವುದಿಲ್ಲ. ಟೈಫಸ್ ಜ್ವರ ಹರಡುವ ಹೇನು ಬೇರೆ, ಅದು ಬಟ್ಟೆಯ ಹೊಲಿಗೆಯಲ್ಲಿ ಇರುವ ಕೂರೆ.

ಪರೀಕ್ಷೆ, ಮದುವೆ ಅಂತ ಅರ್ಜೆಂಟಿದ್ದರೆ ಲೋಷನ್ ಹಚ್ಚಿ ಮೇಲೆ ಬಾಚಿ. ಪುಟ್ಟ ಮಕ್ಕಳಿಗೆ ಬರೀ ಬಾಚಣಿಗೆ. ಎಲ್ಲ ಮುಗಿದ ಮೇಲೂ ಬಿಳಿ ಸೀರು ಕಂಡರೆ ಹೆದರಿ ಮತ್ತೆ ಔಷಧಿ ಸುರಿಯಬೇಡಿ, ಬುಡದಿಂದ ಎಷ್ಟು ದೂರ ಇದೆ ನೋಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಷ್ಟು ದೂರ ಬಂದ ಸೀರು ಸಾಮಾನ್ಯವಾಗಿ ಖಾಲಿ ಸಿಪ್ಪೆ.