ವಾಟ್ಸ್ಆಪ್ ಬಿಸಿನೆಸ್: ಮುಂಬೈಯ ಮನೆ ತಿಂಡಿ ವ್ಯಾಪಾರಕ್ಕೆ ಎಷ್ಟು ಉಪಯೋಗ?

ಡೊಂಬಿವಲಿ, ಠಾಣೆ, ಮುಲುಂಡ್, ನೆರೂಲ್ ಕಡೆ ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಕನ್ನಡಿಗರಿಗೆ ವಾಟ್ಸ್ಆಪ್ ಬಿಸಿನೆಸ್ಸೇ ಅಂಗಡಿ. 2018ರಲ್ಲಿ ಬಂದ ಈ ಆಪ್ ಇಂದಿಗೂ ದುಡ್ಡಿಲ್ಲದೆ ಸಿಗುತ್ತದೆ. ಒಮ್ಮೆ ಕೊಂಡವರಿಂದ ಮತ್ತೆ ಮತ್ತೆ ಆರ್ಡರ್ ತರಿಸುವ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಹೊಸ ಗಿರಾಕಿಯನ್ನು ಹುಡುಕಿ ತರುವುದು ಇದರ ಕೈಲಾಗದು. ಅದಕ್ಕೆ ಇನ್‌ಸ್ಟಾಗ್ರಾಮ್, ಗೂಗಲ್ ಮ್ಯಾಪ್ಸ್, ಹೌಸಿಂಗ್ ಸೊಸೈಟಿಯ ಬಾಯಿಮಾತು ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಆಪ್‌ನ ಯಾವ ಸೆಟ್ಟಿಂಗ್‌ನಲ್ಲೂ ಕಾಣುವುದಿಲ್ಲ: ಗಿರಾಕಿಯ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಒಂದಕ್ಕೆ 256 ಜನರನ್ನು ಸೇರಿಸಬಹುದು, ಆದರೆ ನಂಬರ್ ಸೇವ್ ಮಾಡದವರಿಗೆ ಸಂದೇಶ ಹೋಗುವುದೇ ಇಲ್ಲ. ಸ್ಟೇಟಸ್ಸೂ ಹಾಗೆಯೇ, ಇಬ್ಬರ ಫೋನಿನಲ್ಲೂ ಇಬ್ಬರ ನಂಬರ್ ಇದ್ದರೆ ಮಾತ್ರ ಕಾಣುತ್ತದೆ. "ದಿನಾ ಸ್ಟೇಟಸ್ ಹಾಕುತ್ತೇವೆ, ಯಾರೂ ನೋಡುವುದಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಮೊದಲ ಆರ್ಡರ್ ಕೈಸೇರಿದ ದಿನವೇ ನಿಮ್ಮ ಕಾಂಟ್ಯಾಕ್ಟ್ ಕಾರ್ಡ್ ಕಳಿಸಿ, "ಸೇವ್ ಮಾಡಿಕೊಳ್ಳಿ, ಹೊಸ ತಿಂಡಿ ಬಂದಾಗ ತಿಳಿಸುತ್ತೇವೆ" ಎಂದು ಒಂದೇ ಸಾಲು ಬರೆಯಿರಿ. ಕಾರ್ಡಿನ ಹೆಸರಿನಲ್ಲಿ ತಿಂಡಿಯ ಸುಳಿವಿರಲಿ. ಬರೀ ದೇವರ ಹೆಸರಿದ್ದರೆ ಮುಂದಿನ ಗಣೇಶ ಚೌತಿಯ ಹೊತ್ತಿಗೆ ಆ ನಂಬರ್ ಯಾರದೆಂದು ಗಿರಾಕಿಗೇ ನೆನಪಿರುವುದಿಲ್ಲ.

ಕ್ಯಾಟಲಾಗ್‌ನಲ್ಲಿ, ಅಂದರೆ ಆಪ್‌ನೊಳಗಿನ ಸರಕುಪಟ್ಟಿಯಲ್ಲಿ, 500 ಐಟಂ ಇಡಬಹುದು, ಒಂದೊಂದಕ್ಕೂ 10 ಫೋಟೊ. ಮನೆ ವ್ಯಾಪಾರಕ್ಕೆ 15-20 ಐಟಂ ಸಾಕು. ತೂಕ ಹೆಸರಿನಲ್ಲೇ ಬರಲಿ: "ನಿಪ್ಪಟ್ಟು, 250 ಗ್ರಾಂ". ಅರ್ಧ ಕಿಲೋ ಪ್ಯಾಕೆಟ್ಟಿಗೆ ಬೇರೆಯೇ ಐಟಂ ಮಾಡಿ, ಇಲ್ಲದಿದ್ದರೆ "ಇದು ಎಷ್ಟು ಗ್ರಾಂ?" ಎಂಬ ಪ್ರಶ್ನೆಗೆ ಉತ್ತರಿಸುವುದರಲ್ಲೇ ದಿನ ಹೋಗುತ್ತದೆ. ಫೋಟೊವನ್ನು ಬೆಳಿಗ್ಗೆ ಕಿಟಕಿಯ ಪಕ್ಕ ತೆಗೆಯಿರಿ. ರಾತ್ರಿಯ ದೀಪದಲ್ಲಿ ಚಕ್ಕುಲಿ ಸೀದುಹೋದಂತೆ ಕಾಣುತ್ತದೆ. ಪತ್ರೊಡೆಯಂಥ ಮಳೆಗಾಲದ ತಿಂಡಿಯನ್ನು ಸೀಸನ್ ಮುಗಿದಾಗ ಅಳಿಸಬೇಡಿ, ಹೈಡ್ ಮಾಡಿ. ಅಳಿಸಿದರೆ ಮುಂದಿನ ವರ್ಷ ಎಲ್ಲವನ್ನೂ ಹೊಸದಾಗಿ ಏರಿಸಿ, ಪರಿಶೀಲನೆ ಮುಗಿಯುವವರೆಗೆ ಕಾಯಬೇಕು. ಔಷಧ, ಚಿಕಿತ್ಸೆಯ ಸರಕಿಗೆ ಇಲ್ಲಿ ಅವಕಾಶವಿಲ್ಲ. ಕಷಾಯದ ಪುಡಿಯ ವಿವರಣೆಯಲ್ಲಿ "ಶುಗರ್‌ಗೆ ಒಳ್ಳೆಯದು" ಎಂದು ಬರೆದರೆ ಐಟಂ ತಿರಸ್ಕಾರವಾಗಬಹುದು. ಕೊತ್ತಂಬರಿ, ಜೀರಿಗೆ, ಶುಂಠಿ ಎಂದು ಸಾಮಗ್ರಿ ಬರೆದು ಬಿಡಿ.

ಗಿರಾಕಿ ಕ್ಯಾಟಲಾಗ್‌ನಿಂದ ಆರಿಸಿದ ಐಟಂಗಳ ಕಾರ್ಟ್ ಕಳಿಸಿದ ಮಾತ್ರಕ್ಕೆ ಆರ್ಡರ್ ಖಾಯಂ ಆಯಿತು ಎಂದಲ್ಲ. ಸ್ಟಾಕ್ ಇದೆಯೋ ಇಲ್ಲವೋ ಆಪ್‌ಗೆ ಗೊತ್ತಿಲ್ಲ. ಇಲ್ಲಿ ಕ್ವಿಕ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಉತ್ತರ, ತುಂಬ ಕೆಲಸಕ್ಕೆ ಬರುತ್ತದೆ. 50ರವರೆಗೆ ಉಳಿಸಿಡಬಹುದು, ಓರೆಗೆರೆ (/) ಒತ್ತಿದರೆ ಪಟ್ಟಿ ತೆರೆದುಕೊಳ್ಳುತ್ತದೆ. ಒಂದು ಮಾದರಿ: "ಆರ್ಡರ್ ಸಿಕ್ಕಿದೆ. ಗುರುವಾರ ಸಂಜೆ 6ರೊಳಗೆ ಹಣ ಬಂದರೆ ಶನಿವಾರ ಬೆಳಿಗ್ಗೆ ಡೆಲಿವರಿ. ಡೆಲಿವರಿ ಚಾರ್ಜ್ ಬೇರೆ. ಪೂರ್ತಿ ವಿಳಾಸ, ವಿಂಗ್, ಫ್ಲ್ಯಾಟ್ ನಂಬರ್ ಕಳಿಸಿ." ಇದನ್ನೇ ಮರಾಠಿ, ಹಿಂದಿಯಲ್ಲೂ ಉಳಿಸಿಡಿ, ಮುಂಬೈಯಲ್ಲಿ ಚಕ್ಕುಲಿ ಕೇಳುವವರು ಕನ್ನಡಿಗರಷ್ಟೇ ಅಲ್ಲ. ಕಟ್ಟಡದ ಯಾವ ವಿಂಗ್ ಎಂದು ಕೇಳುವುದನ್ನು ಮರೆತರೆ ಡೆಲಿವರಿ ಹುಡುಗ ಸೊಸೈಟಿ ಗೇಟಿನಲ್ಲಿ ನಿಂತೇ ಇರುತ್ತಾನೆ, ವೇಟಿಂಗ್ ಚಾರ್ಜ್ ನಿಮ್ಮ ತಲೆಗೆ.

ಚಾಟ್‌ಗಳನ್ನು ಗುರುತಿಸಲು ಹಚ್ಚುವ ಲೇಬಲ್ 20 ಮಾತ್ರ. ಅರ್ಧವನ್ನು ಆರ್ಡರಿನ ಹಂತಗಳಿಗೆ, ಉಳಿದವನ್ನು ಏರಿಯಾಗಳಿಗೆ ಇಡಿ. ಏರಿಯಾ ಲೇಬಲ್ ಇದ್ದರೆ ಶನಿವಾರ ಠಾಣೆಗೆ ಒಂದೇ ಫೇರಿಯಲ್ಲಿ ಎಲ್ಲ ಡೆಲಿವರಿ ಮುಗಿಸಬಹುದು.

ತಾನಾಗಿಯೇ ಹೋಗುವ ಸ್ವಾಗತದ ಗ್ರೀಟಿಂಗ್ ಮೆಸೇಜ್ ಮೊದಲ ಸಲ ಬರೆದವರಿಗೂ, 14 ದಿನ ಮಾತುಕತೆಯಿಲ್ಲದೆ ಮತ್ತೆ ಬರೆದವರಿಗೂ ಹೋಗುತ್ತದೆ. ಆದ್ದರಿಂದ "ನಮ್ಮಲ್ಲಿಗೆ ಮೊದಲ ಬಾರಿ ಬಂದಿದ್ದೀರಿ" ಎಂದು ಬರೆಯಬೇಡಿ, ಹಳೆಯ ಗಿರಾಕಿಗೆ ಬೇಸರವಾಗುತ್ತದೆ.

ಹೊಸಬರನ್ನು ಕರೆತರಲು ಇನ್‌ಸ್ಟಾಗ್ರಾಮ್ ಬಯೋದಲ್ಲೂ ಪ್ಯಾಕೆಟ್ಟಿನ ಮೇಲೂ ವಾಟ್ಸ್ಆಪ್ ಲಿಂಕ್ ಹಾಕಿ, ಆದರೆ ಲಿಂಕ್ ತೆರೆದಾಗ ಗಿರಾಕಿಯ ಪರವಾಗಿ ತಾನೇ ಮೂಡುವ ಸಿದ್ಧ ಸಂದೇಶ ಎರಡಕ್ಕೂ ಬೇರೆ ಬೇರೆಯಿರಲಿ. "ಇನ್‌ಸ್ಟಾ ನೋಡಿ ಬಂದೆ, ದರಪಟ್ಟಿ ಕಳಿಸಿ", "ಪ್ಯಾಕೆಟ್ ನೋಡಿ ಬಂದೆ" ಎಂಬ ಮೊದಲ ಸಾಲೇ ಯಾವ ಕಡೆಯಿಂದ ಜನ ಬರುತ್ತಿದ್ದಾರೆಂದು ಹೇಳಿಬಿಡುತ್ತದೆ. ಎಚ್ಚರ: ಆಪ್‌ನಲ್ಲಿ ಕ್ಯೂಆರ್ ಕೋಡ್ ರೀಸೆಟ್ ಮಾಡಿದರೆ ಹಳೆಯದು ಸತ್ತುಹೋಗುತ್ತದೆ, ಅಚ್ಚು ಹಾಕಿಸಿದ ಅಷ್ಟೂ ಸ್ಟಿಕ್ಕರ್ ದಂಡ. ರೀಲ್ಸ್‌ಗೆ ಸಿನಿಮಾ ಹಾಡು ಹಾಕುವ ಗೋಜೂ ಬೇಡ. ವ್ಯಾಪಾರದ ಖಾತೆಗೆ ಆ ಹಕ್ಕು ಸಿಗುವುದಿಲ್ಲ, ವಿಡಿಯೊ ಮೂಕವಾಗಬಹುದು. ಎಣ್ಣೆಗೆ ಬಿದ್ದ ಚಕ್ಕುಲಿ ಚುರ್ರೆನ್ನುವ ಸದ್ದಿಗಿಂತ ಒಳ್ಳೆಯ ಹಿನ್ನೆಲೆ ಬೇಕೇ?

ಜಾಹೀರಾತಿಗೆ ದುಡ್ಡು ಹಾಕುವವರು, ಅದು ಎಲ್ಲಿಯವರಿಗೆ ಕಾಣಬೇಕೆಂದು ಗುರುತಿಸುವ ನಕ್ಷೆಯ ವೃತ್ತವನ್ನು ನಂಬಬಾರದು. ಮುಲುಂಡ್‌ನಿಂದ 15 ಕಿಲೋಮೀಟರ್ ಎಂದು ಹಾಕಿದರೆ ಬೊರಿವಲಿ, ಕಾಂದಿವಲಿಯೂ ಒಳಗೆ ಬರುತ್ತವೆ. ನಡುವೆ ಇಡೀ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ! ಡೆಲಿವರಿಗೆ ಆ ಉದ್ಯಾನವನ್ನು ಸುತ್ತಿ ಹೋಗಬೇಕು, ಅರ್ಧ ಕಿಲೋ ಹಪ್ಪಳದ ಲಾಭ ಅಲ್ಲೇ ಕರಗುತ್ತದೆ. ಭಾಂಡುಪ್, ಮುಲುಂಡ್, ಠಾಣೆ ಸ್ಟೇಷನ್‌ಗಳ ಸುತ್ತ ಮೂರು ಚಿಕ್ಕ ವೃತ್ತ ಹಾಕಿ. ಜಾಹೀರಾತಿನ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಬೀಳುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊರತೆಗಳೂ ಇವೆ. ಒಂದು ಫೋನಿಗೆ ನಾಲ್ಕು ಸಾಧನ ಜೋಡಿಸಬಹುದು, ಆದರೆ ಉಚಿತ ಆಪ್‌ನಲ್ಲಿ ಮನೆಯವರಲ್ಲಿ ಯಾರು ಉತ್ತರಿಸಿದರೆಂದು ತಿಳಿಯುವುದಿಲ್ಲ. ಸಂದೇಶದ ಕೊನೆಗೆ ಹೆಸರಿನ ಮೊದಲಕ್ಷರ ಹಾಕುವ ರೂಢಿ ಮಾಡಿಕೊಳ್ಳಿ. ಮುಖ್ಯ ಫೋನನ್ನು 14 ದಿನ ತೆರೆಯದಿದ್ದರೆ ಜೋಡಿಸಿದ ಸಾಧನಗಳು ಲಾಗ್‌ಔಟ್ ಆಗುತ್ತವೆ, ಊರಿಗೆ ಹೋಗುವಾಗ ಆ ಫೋನನ್ನೂ ಒಯ್ಯಿರಿ. ಬಲ್ಕ್ ಮೆಸೇಜ್ ಸಾಫ್ಟ್‌ವೇರ್ ಮಾರುವವರ ಹತ್ತಿರ ಸುಳಿಯಬೇಡಿ. ಗುರುತಿಲ್ಲದವರು ರಿಪೋರ್ಟ್ ಒತ್ತಿದರೆ ನಂಬರೇ ಬ್ಯಾನ್ ಆಗಬಹುದು.

ಒಂದೇ ನಂಬರಿನಲ್ಲಿ ಸಾದಾ ವಾಟ್ಸ್ಆಪ್, ಬಿಸಿನೆಸ್ ಎರಡೂ ನಡೆಯುವುದಿಲ್ಲ. ಹೀಗಾಗಿ ಹಲವರು ವ್ಯಾಪಾರಕ್ಕೆಂದೇ ಎರಡನೇ ಸಿಮ್ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ವೈಫೈ ಇದೆಯಲ್ಲ ಎಂದು ಅದರ ರೀಚಾರ್ಜ್ ಬಿಡಬೇಡಿ. ತಿಂಗಳುಗಟ್ಟಲೆ ಬಿಟ್ಟ ಸಿಮ್ ಬಂದ್ ಆಗಿ, ನಂಬರ್ ಬೇರೆಯವರ ಪಾಲಾಗಬಹುದು. ಬೇರೆಯವರು ನಿಮ್ಮ ಖಾತೆ ತೆರೆಯದಂತೆ ತಡೆಯುವ ಟೂ-ಸ್ಟೆಪ್ ವೆರಿಫಿಕೇಷನ್‌ನ 6 ಅಂಕಿಯ ಪಿನ್ ಇಂದೇ ಹಾಕಿ, ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.